ಮಹಾಪೌರರ ಮಾತೃಭಾಷೆ

ಬೆಳಗಾವಿಯ ಮಹಾನಗರಪಾಲಿಕೆಯಲ್ಲಿ ಮಹಾಪೌರರ ಆಯ್ಕೆ ನಡೆದ ಮರುದಿನ ಪ್ರಾತಃಕಾಲ, ಗಡಿಭಾಗದ ವಾಚಕನೊಬ್ಬನು ಕನ್ನಡದ ಪತ್ರಿಕೆಯೊಂದನ್ನೂ ಮರಾಠಿಯ ಪತ್ರಿಕೆಯೊಂದನ್ನೂ ಮಗ್ಗುಲು ಮಗ್ಗುಲಲ್ಲಿ ಬಿಡಿಸಿಟ್ಟು ಓದಲು ತೊಡಗಿದನೆಂದರೆ, ಒಂದೇ ಸಭಾಗೃಹದಲ್ಲಿ, ಒಬ್ಬರೇ ಪ್ರಾದೇಶಿಕ ಆಯುಕ್ತರ ಸಮಕ್ಷಮದಲ್ಲಿ, ಅವೇ ಸದಸ್ಯರು ಕೈಯೆತ್ತಿ ನೆರವೇರಿಸಿದ ಒಂದೇ ಚುನಾವಣೆಯ ವೃತ್ತಾಂತವನ್ನು ತಾನು ಓದುತ್ತಿರುವೆನೋ ಅಥವಾ ಎರಡು ಬೇರೆ ನಗರಗಳ ಎರಡು ಬೇರೆ ಘಟನೆಗಳನ್ನೋ ಎಂಬ ಸಂದೇಹವು ಅವನಲ್ಲಿ ಹುಟ್ಟದೆ ಇರದು. ಒಂದರಲ್ಲಿ ಅದು ಕನ್ನಡದ ಜಯ ಅಥವಾ ಕನ್ನಡಕ್ಕಾದ ದ್ರೋಹ. ಮತ್ತೊಂದರಲ್ಲಿ ಅದು ಮರಾಠಿ ಅಸ್ಮಿತೆಯ ವಿಜಯ ಅಥವಾ ಅದರ ಮೇಲೆ ಬಿದ್ದ ಪೆಟ್ಟು. ಆಯ್ಕೆಯಾದ ವ್ಯಕ್ತಿಯು ನಾಲ್ಕು ಲಕ್ಷಕ್ಕೂ ಮಿಕ್ಕ ಜನವಸತಿಯ ನಗರವೊಂದರ ನೀರು, ಚರಂಡಿ, ಕಸ, ಬೀದಿದೀಪಗಳಿಗೆ ಒಂದು ವರ್ಷದ ಮಟ್ಟಿಗೆ ಉತ್ತರದಾಯಿಯಾದರೆಂಬ ಸಂಗತಿಯು ಎರಡರಲ್ಲಿಯೂ ಕಾಣಸಿಗುವುದು ಅಪರೂಪ.

ಬೋರಗಾಂವದಲ್ಲಿ ಕುಳಿತು ಬರೆಯುವವನಿಗೆ ಬೆಳಗಾವಿಯ ಮಹಾಪೌರರ ಗೊಡವೆ ಏತಕ್ಕೆಂದು ಯಾರಾದರೂ ಕೇಳಬಹುದು. ನಮ್ಮದು ನಿಪ್ಪಾಣಿ ತಾಲೂಕಿನ ಒಂದು ಪಟ್ಟಣ ಪಂಚಾಯತಿ. ಇಲ್ಲಿ ಮಹಾಪೌರರಿಲ್ಲ, ಅಧ್ಯಕ್ಷರಿದ್ದಾರೆ. ಜಿಲ್ಲಾಸ್ಥಾನವಾದ ಬೆಳಗಾವಿಗಿಂತ ಮಹಾರಾಷ್ಟ್ರದ ಇಚಲಕರಂಜಿಯೇ ನಮಗೆ ಸಮೀಪ. ಆದರೆ ಬೆಳಗಾವಿಯ ಪಾಲಿಕೆಯ ಬಾತ್ಮಿಯನ್ನು ಬರೆಯುವ ರೂಢಿಯೇ ಈ ಜಿಲ್ಲೆಯ ಸಮಸ್ತ ಸ್ಥಳೀಯ ಸಂಸ್ಥೆಗಳ ಬಾತ್ಮಿಗೆ ಮಾದರಿಯಾಗಿ ಪರಿಣಮಿಸಿರುವುದರಿಂದ, ಅಲ್ಲಿ ಕೆಟ್ಟ ಲೇಖನಿಯು ನಿಪ್ಪಾಣಿಯ ನಗರಸಭೆಯನ್ನಾಗಲಿ ನಮ್ಮ ಪಂಚಾಯತಿಯನ್ನಾಗಲಿ ನೆಟ್ಟಗೆ ಬರೆಯುವುದೆಂದು ನಿರೀಕ್ಷಿಸಲಾಗದು. ಮೇಲಾಗಿ, ಈ ಪಕ್ಷಪಾತವನ್ನು ಕಂಡುಹಿಡಿಯುವ ಯೋಗ್ಯತೆ ಬೆಂಗಳೂರಿನ ಅಥವಾ ಪುಣೆಯ ವಾಚಕನಿಗಿಂತ ನಮ್ಮ ಸೀಮೆಯ ವಾಚಕನಿಗೆ ಹೆಚ್ಚಾಗಿದೆ. ಇಲ್ಲಿಯ ಕ್ಷೌರದಂಗಡಿಯ ಬಾಕಿನ ಮೇಲೆ ಕೊಲ್ಹಾಪುರದ ‘ಪುಢಾರಿ’ಯೂ ಬೆಳಗಾವಿಯ ‘ತರುಣ ಭಾರತ’ವೂ ಕನ್ನಡದ ಒಂದೆರಡು ದಿನಪತ್ರಿಕೆಗಳೂ ಹೆಗಲಿಗೆ ಹೆಗಲು ತಾಗಿಸಿ ಬಿದ್ದಿರುತ್ತವೆ, ತನ್ನ ಸರದಿಯನ್ನು ಕಾಯುತ್ತ ಕುಳಿತ ಕಬ್ಬಿನ ರೈತನು ಅದನ್ನಿಷ್ಟು ಇದನ್ನಿಷ್ಟು ಓದಿ, “ಇದ್ರಾಗ ಒಂದ್ ಬರದಾರ, ಅದ್ರಾಗ ಒಂದ್ ಬರದಾರ” ಎಂದು ಹೇಳಿ ಎರಡನ್ನೂ ಮಡಿಸಿಡುತ್ತಾನೆ. ಆ ಮಾತಿನಲ್ಲಿ ಕೋಪವಿಲ್ಲ. ಪತ್ರಿಕೆ ಎಂದರೆ ಹೀಗೆಯೇ ಇರತಕ್ಕುದೆಂದು ಅವನು ಒಪ್ಪಿಕೊಂಡುಬಿಟ್ಟಿದ್ದಾನೆ. ನನ್ನ ಮನಸ್ಸನ್ನು ನೋಯಿಸುವುದು ಆ ಒಪ್ಪಿಗೆಯೇ.

ಪತ್ರಿಕೆಗೆ ಪಕ್ಷವಿರಬಾರದೆಂದು ನಾನು ವಾದಿಸಲು ಹೊರಟಿಲ್ಲ. ಈ ಭಾಗದ ಪತ್ರಿಕೆಗಳು ಹುಟ್ಟಿದ್ದೇ ಒಂದೊಂದು ಪಕ್ಷವನ್ನು ಹಿಡಿದು. ಬಾಬುರಾವ ಠಾಕೂರರು 1919ರಲ್ಲಿ ‘ತರುಣ ಭಾರತ’ವನ್ನು ಆರಂಭಿಸಿದ್ದು ವ್ಯಾಪಾರಕ್ಕಾಗಿ ಅಲ್ಲ, ಸ್ವಾತಂತ್ರ್ಯದ ಹೋರಾಟಕ್ಕಾಗಿ, ಅನಂತರದ ಕಾಲದಲ್ಲಿ ಅವರೂ ಅವರ ಪತ್ರಿಕೆಯೂ ಬೆಳಗಾವಿಯು ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಪಕ್ಷವನ್ನು ಬಹಿರಂಗವಾಗಿಯೇ ಹಿಡಿದುದನ್ನು ಬಲ್ಲವರೆಲ್ಲ ಬಲ್ಲರು. 1930ರ ದಶಕದಲ್ಲಿ ಅದೇ ಬೆಳಗಾವಿಯಲ್ಲಿ ಬೇರುಬಿಟ್ಟು ತರುವಾಯ ಹುಬ್ಬಳ್ಳಿಗೆ ಸ್ಥಳಾಂತರಗೊಂಡ ‘ಸಂಯುಕ್ತ ಕರ್ನಾಟಕ’ವಾದರೋ ತನ್ನ ಹೆಸರಿನಲ್ಲಿಯೇ ತನ್ನ ಧ್ಯೇಯವನ್ನು ಹೊತ್ತುಕೊಂಡು ಬಂದುದು. ಹಂಚಿಹೋಗಿದ್ದ ಕನ್ನಡ ನಾಡು ಒಂದಾಗಬೇಕೆಂಬ ಆ ಪಕ್ಷವು ಇರದಿದ್ದಲ್ಲಿ 1956ರ ನವೆಂಬರ್ 1 ನಮ್ಮ ಪಾಲಿಗೆ ಇನ್ನೆಷ್ಟು ತಡವಾಗಿ ಬರುತ್ತಿತ್ತೋ ಹೇಳಲಾಗದು. ಸಂಪಾದಕೀಯದ ಅಂಕಣದಲ್ಲಿ, ಹೆಸರು ಹಾಕಿ ಬರೆದ ಲೇಖನದಲ್ಲಿ, ಪತ್ರಿಕೆಯು ತನ್ನ ಮತವನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಅದು ಅದರ ಹಕ್ಕು. ಬಹು ಸಂದರ್ಭಗಳಲ್ಲಿ ಅದರ ಕರ್ತವ್ಯ ಕೂಡ. ನನ್ನ ಆಕ್ಷೇಪವಿರುವುದು ಆ ಮತವು ತನ್ನ ಅಂಕಣವನ್ನು ಬಿಟ್ಟು, ವರದಿಯ ವೇಷವನ್ನು ಧರಿಸಿ, ಮುಖಪುಟದ ಬಾತ್ಮಿಯೊಳಗೆ ಬಂದು ಕುಳಿತುಕೊಳ್ಳುವುದಕ್ಕೆ. ಅದಕ್ಕಿಂತಲೂ ಮಿಗಿಲಾಗಿ, ತನಗೆ ಅನುಕೂಲವಲ್ಲದ ಸಂಗತಿಯನ್ನು ಬಾತ್ಮಿಯಿಂದ ಹೊರಗಟ್ಟಿಬಿಡುವುದಕ್ಕೆ. ಸುಳ್ಳನ್ನು ಅಚ್ಚು ಹಾಕುವ ಪತ್ರಿಕೆಗಳು ವಿರಳ. ಸತ್ಯದ ಅರ್ಧವನ್ನು ಮಾತ್ರ ಅಚ್ಚು ಹಾಕುವ ಪತ್ರಿಕೆಗಳೇ ಹೇರಳ.

2018ರ ಮಾರ್ಚ್ ತಿಂಗಳಿನಲ್ಲಿ ಬಸಪ್ಪ ಚಿಕ್ಕಲದಿನ್ನಿಯವರು ಬೆಳಗಾವಿಯ ಮಹಾಪೌರರಾದರು. ಮರಾಠಿ ಸದಸ್ಯರ ಗುಂಪಿಗೆ ಬಹುಮತವಿದ್ದ ಸಭೆಯಲ್ಲಿ ಕನ್ನಡಿಗರೊಬ್ಬರು ಆ ಪೀಠವನ್ನೇರಿದುದು ಕನ್ನಡಿಗನಾದ ಯಾವನಿಗೂ ಸಂತೋಷವನ್ನು ತರತಕ್ಕ ಸಂಗತಿ, ನನಗೂ ತಂದಿತು. ಆದರೆ ಬಹುಮತವಿಲ್ಲದ ಗುಂಪು ಗೆದ್ದುದು ಹೇಗೆಂಬುದು ಆ ದಿನದ ಬಾತ್ಮಿಯ ಜೀವಾಳವಾಗಬೇಕಾಗಿತ್ತು. ಸರದಿಯ ಪ್ರಕಾರ ಆ ವರ್ಷದ ಮಹಾಪೌರ ಸ್ಥಾನವು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಆ ವರ್ಗಕ್ಕೆ ಸೇರಿದ ಸದಸ್ಯರು ಮರಾಠಿ ಗುಂಪಿನಲ್ಲಿ ಇರಲೇ ಇಲ್ಲ. ಆದುದರಿಂದ ಯಾರು ಗೆದ್ದರೂ ಕನ್ನಡದ ಗುಂಪಿನವರೇ ಗೆಲ್ಲತಕ್ಕದ್ದಾಗಿತ್ತು. ಅಂದರೆ, ಅಂದಿನ ನಿಜವಾದ ವಿಜಯವು ಸಂವಿಧಾನದ 74ನೆಯ ತಿದ್ದುಪಡಿಯದು. ಶತಮಾನಗಳಿಂದ ಹೊರಗೆ ನಿಂತಿದ್ದ ಸಮುದಾಯವೊಂದರ ವ್ಯಕ್ತಿಯನ್ನು ನಗರದ ಪ್ರಥಮ ಪ್ರಜೆಯ ಪೀಠದಲ್ಲಿ ಕೂರಿಸಿದ ಮೀಸಲಾತಿಯದು. ಅದು ಭಾಷೆಯ ಗೆಲುವಿಗಿಂತ ಕಿರಿದಾದ ಗೆಲುವೇನೂ ಅಲ್ಲ. ಆದರೆ ಉತ್ಸಾಹದ ತಲೆಬರಹಗಳ ಕೆಳಗೆ ಈ ವಿವರವು ನಾಲ್ಕನೆಯದೋ ಐದನೆಯದೋ ಕಂಡಿಕೆಗೆ ಇಳಿದುಹೋದಾಗ, ಬರಿಯ ತಲೆಬರಹವನ್ನು ಓದಿ ಪತ್ರಿಕೆಯನ್ನು ಮಡಿಸಿಟ್ಟ ವಾಚಕನ ಮನಸ್ಸಿನಲ್ಲಿ ಉಳಿದುದು ಅಪೂರ್ಣವಾದ ಇತಿಹಾಸ. ಇತ್ತ ಮರಾಠಿಯ ವಾಚಕನಿಗೆ ಅದು ಯಾರೋ ಹೂಡಿದ ಸಂಚಿನಂತೆ ತೋರಿದ್ದರೆ, ಆ ತಪ್ಪು ತಿಳಿವಳಿಕೆಗೂ ಇಂತಹ ಬರವಣಿಗೆಯೇ ಹೊಣೆ.

ಇದಕ್ಕಿಂತ ಗಂಭೀರವಾದ ನಿದರ್ಶನ 2021ರದು. ಆ ವರ್ಷದ ಸೆಪ್ಟೆಂಬರ್ 3ರಂದು ಬೆಳಗಾವಿಯ 58 ವಾರ್ಡುಗಳಿಗೆ ಪ್ರಥಮ ಬಾರಿ ಪಕ್ಷಗಳ ಚಿಹ್ನೆಯ ಮೇಲೆ ಚುನಾವಣೆ ನಡೆಯಿತು. 6ರಂದು ಮತ ಎಣಿಕೆಯಾದಾಗ ಭಾರತೀಯ ಜನತಾ ಪಕ್ಷಕ್ಕೆ 35, ಕಾಂಗ್ರೆಸಿಗೆ 10 ಸ್ಥಾನಗಳು ದೊರಕಿದವು. ದಶಕಗಳ ಕಾಲ ಪಾಲಿಕೆಯನ್ನು ಆಳಿದ ಮಹಾರಾಷ್ಟ್ರ ಏಕೀಕರಣ ಸಮಿತಿಯು ಬೆರಳೆಣಿಕೆಯ ಸ್ಥಾನಗಳಿಗೆ ಕುಗ್ಗಿತು. ಮುಂಬಯಿಯ ಮರಾಠಿ ಪತ್ರಿಕೆಗಳಲ್ಲಿ, ಮುಖ್ಯವಾಗಿ ಅಂದಿನ ಶಿವಸೇನೆಯ ಮುಖವಾಣಿಯಾಗಿದ್ದ ‘ಸಾಮನಾ’ದಲ್ಲಿ, ಇದು ಮರಾಠಿಗನ ಪರಾಭವವೆಂದು ಶೋಕಿಸಲ್ಪಟ್ಟಿತು, ಕನ್ನಡದ ಕಡೆಯಲ್ಲಿ ಕನ್ನಡದ ದಿಗ್ವಿಜಯವೆಂಬ ಹರ್ಷವು ಹರಿಯಿತು. ಗೆದ್ದ ಪಕ್ಷದ ಸದಸ್ಯರಲ್ಲಿಯೇ ಮರಾಠಿ ಮಾತೃಭಾಷೆಯವರು ಬಹು ಮಂದಿ ಇದ್ದರೆಂಬುದನ್ನು ಶೋಕಿಸಿದವರೂ ಗಣಿಸಲಿಲ್ಲ, ಹರ್ಷಿಸಿದವರೂ ಗಣಿಸಲಿಲ್ಲ. ಬೆಳಗಾವಿಯ ಮರಾಠಿ ಭಾಷಿಕ ಮತದಾರನು ತನ್ನ ಭಾಷೆಯನ್ನು ಬಿಟ್ಟುಕೊಡದೆಯೇ ಸಮಿತಿಯನ್ನು ಬಿಟ್ಟುಕೊಟ್ಟಿದ್ದನು. ಈ ಅರವತ್ತು ವರ್ಷಗಳಲ್ಲಿ ನಗರದ ರಾಜಕಾರಣದಲ್ಲಾದ ಅತ್ಯಂತ ಮಹತ್ತ್ವದ ಪರಿವರ್ತನೆ ಇದು. ಅದನ್ನು ಕೂಲಂಕಷವಾಗಿ ಶೋಧಿಸಿ, ವಾರ್ಡು ವಾರ್ಡಿಗೆ ಹೋಗಿ ಕೇಳಿ, ಏಕೆ ಹೀಗಾಯಿತೆಂದು ಬರೆಯತಕ್ಕ ಕಾಲದಲ್ಲಿ ಎರಡೂ ಭಾಷೆಯ ಬರವಣಿಗೆಯು ಬಹುಮಟ್ಟಿಗೆ ಹಳೆಯ ಸೋಲು ಗೆಲುವಿನ ಪರಿಭಾಷೆಯಲ್ಲಿಯೇ ಕಾಲಹರಣ ಮಾಡಿತು.

ಆಮೇಲೆ ಸಂಭವಿಸಿದುದನ್ನು ನೋಡಿರಿ. ಫಲಿತಾಂಶ ಬಂದ ದಿನದಿಂದ 17 ತಿಂಗಳ ಪರ್ಯಂತ ಆ ನಗರಕ್ಕೆ ಮಹಾಪೌರರೇ ಇರಲಿಲ್ಲ. ಜನರು ಮತ ಹಾಕಿ ಆರಿಸಿದ 58 ಪ್ರತಿನಿಧಿಗಳು ಕೆಲಸವಿಲ್ಲದೆ ಕುಳಿತರು. ಆಡಳಿತವು ಅಧಿಕಾರಿಗಳ ಕೈಯಲ್ಲಿ ಉಳಿಯಿತು. 2023ರ ಫೆಬ್ರುವರಿ 6ರಂದು ಶೋಭಾ ಸೋಮನಾಚೆಯವರು ಮಹಾಪೌರರಾಗಿಯೂ ರೇಷ್ಮಾ ಪಾಟೀಲರು ಉಪಮಹಾಪೌರರಾಗಿಯೂ ಚುನಾಯಿತರಾದ ಮೇಲೆ ಆ ಶೂನ್ಯಕಾಲವು ಮುಗಿಯಿತು. ಈ ವಿಳಂಬದ ಬಾತ್ಮಿ ಬರಲೇ ಇಲ್ಲವೆಂದು ನಾನು ಹೇಳುವುದಿಲ್ಲ. ಆಗೊಮ್ಮೆ ಈಗೊಮ್ಮೆ ಬಂದಿತು. ಆದರೆ, ಪ್ರಜೆಗಳ ಮತವನ್ನು ಒಂದೂವರೆ ವರ್ಷದ ಸಮೀಪ ಕಾಯಿಸಿದ ಆ ಅನ್ಯಾಯಕ್ಕೆ ಸಲ್ಲಬೇಕಾಗಿದ್ದ ಮುಖಪುಟವು ಸಂದಿತೇ? ಆಯ್ಕೆಯ ದಿನದಂದಾದರೋ, ಇಬ್ಬರೂ ಮರಾಠಿ ಭಾಷಿಕರೆಂಬ ಸಂಗತಿಯು ಕೂಡಲೇ ಚರ್ಚೆಗೆ ಬಂದಿತು. 17 ತಿಂಗಳ ಶೂನ್ಯವು ಯಾರ ಮಾತೃಭಾಷೆಗೂ ಸಂಬಂಧಿಸಿರಲಿಲ್ಲವಾದ್ದರಿಂದ ಅದು ಯಾರ ಮುಖಪುಟದ ಬಾತ್ಮಿಯೂ ಆಗಲಿಲ್ಲ. ಇದನ್ನೇ ನಾನು ಪಕ್ಷಪಾತವೆಂದು ಕರೆಯುವುದು: ಒಬ್ಬ ಅಭ್ಯರ್ಥಿಯ ಪರವಾಗಿ ಒಬ್ಬನ ವಿರುದ್ಧವಾಗಿ ಬರೆಯುವುದಷ್ಟೇ ಅಲ್ಲ, ನಗರವನ್ನೇ ಬಾತ್ಮಿಯಿಂದ ಹೊರಗಿಟ್ಟು ನಗರದ ಚುನಾವಣೆಯನ್ನು ಬರೆಯುವುದು.

ಮಹಾಪೌರರ ಆಯ್ಕೆಯ ಇಂತಹ ವರದಿಯೊಂದನ್ನು ಸಾಲು ಸಾಲಾಗಿ ಓದಿ ನೋಡಿದರೆ ನನ್ನ ಮಾತಿನ ಅಭಿಪ್ರಾಯವು ವಿಶದವಾಗುವುದು. ಮೊದಲಿಗೆ ಹಾರ, ಗುಲಾಲು, ಫೇಟಾ, ಪಟಾಕಿ. ಆ ಮೇಲೆ ಯಾವ ಭಾಷೆಯಲ್ಲಿ ಘೋಷಣೆ ಕೂಗಿದರು, ಯಾವ ಭಾಷೆಯಲ್ಲಿ ಕೃತಜ್ಞತೆ ಹೇಳಿದರು, ಸಭೆಯ ನೋಟೀಸು ಮರಾಠಿಯಲ್ಲಿಯೂ ಬೇಕೆಂದು ಯಾರು ಎದ್ದು ನಿಂತರು, ಅದಕ್ಕೆ ಯಾರು ಅಡ್ಡಬಂದರು. ಆ ಮೇಲೆ ಯಾವ ಶಾಸಕರ ಬೆಂಬಲಿಗರಿಗೆ ಎಷ್ಟು ಪಾಲು ಬಂದಿತು. ಕಡೆಗೆ ನೂತನ ಮಹಾಪೌರರ ಬಾಯಿಂದ “ನಗರದ ಸರ್ವಾಂಗೀಣ ಅಭಿವೃದ್ಧಿಗೆ ಶ್ರಮಿಸುವೆ” ಎಂಬ ಒಂದು ವಾಕ್ಯ. ರಾಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು ಎಷ್ಟು ದಿನಕ್ಕೊಮ್ಮೆ ಯಾವ ಬಡಾವಣೆಗೆ ಮುಟ್ಟುತ್ತಿದೆ, ಕೆಲವೇ ವಾರ್ಡುಗಳಲ್ಲಿ ಆರಂಭವಾದ 24 ಗಂಟೆಯ ನೀರಿನ ಯೋಜನೆ ಉಳಿದವುಗಳಿಗೆ ಯಾವಾಗ ವಿಸ್ತರಿಸುವುದು, ತುರಮುರಿಯಲ್ಲಿ ಸುರಿಯುವ ನಗರದ ಕಸದಿಂದ ಆ ಹಳ್ಳಿಯವರು ಏನನ್ನು ಅನುಭವಿಸುತ್ತಿದ್ದಾರೆ, ಈ ಸದಸ್ಯರು ಕಳೆದ ವರ್ಷ ಎಷ್ಟು ಸಭೆಗಳಿಗೆ ಹಾಜರಾಗಿ ಯಾವ ವಿಷಯದಲ್ಲಿ ಮಾತನಾಡಿದರು ಎಂಬುದರ ಒಂದು ಸಾಲೂ ಇಲ್ಲ. ಒಂದೇ ವರ್ಷದ ಅವಧಿಯ ಮಹಾಪೌರರು ಅಷ್ಟರಲ್ಲಿ ಏನು ಮಾಡಬಲ್ಲರು, ಅಧಿಕಾರವೆಷ್ಟು ಅವರದು, ಎಷ್ಟು ಆಯುಕ್ತರದು ಎಂಬ ಮೂಲಭೂತವಾದ ಪ್ರಶ್ನೆಯನ್ನಂತೂ ಯಾರೂ ಎತ್ತುವುದಿಲ್ಲ.

ನಾನು ಕನ್ನಡದ ಪತ್ರಿಕೆಗಳ ವಿಷಯದಲ್ಲಿ ಹೆಚ್ಚು ನಿಷ್ಠುರನಾಗಿರುವುದಕ್ಕೆ ಕಾರಣವಿದೆ. ಬೆಳಗಾವಿಯ ಮೇಲೆ ಕನ್ನಡದ ಹಕ್ಕು ನ್ಯಾಯವಾದುದೆಂದು ನಾನು ದೃಢವಾಗಿ ನಂಬಿದ್ದೇನೆ. ನ್ಯಾಯವಾದ ಪಕ್ಷಕ್ಕೆ ಅರ್ಧಸತ್ಯದ ಊರುಗೋಲು ಬೇಕಿಲ್ಲ. ಅದನ್ನು ಹಿಡಿದವನು ತನ್ನ ಕಾಲಿನಲ್ಲಿಯೇ ಬಲವಿಲ್ಲವೆಂದು ತೋರಿಸಿಕೊಂಡಂತಾಗುವುದು. ಎರಡು ರಾಜ್ಯಗಳ ಗಡಿವಿವಾದದಲ್ಲಿ, 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿಯನ್ನಿತ್ತ ಮಹಾಜನ ಆಯೋಗವೇ ಅಂತಿಮವೆಂದು ನಾವು ಸದಾ ಬರೆಯುತ್ತ ಬಂದಿದ್ದೇವೆ. ಆ ಆಯೋಗವು ಬೆಳಗಾವಿಯನ್ನು ಮೈಸೂರು ರಾಜ್ಯದಲ್ಲಿಯೇ ಉಳಿಸಿತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಮುಂತಾದ ಕಡೆಗಳ 247 ಗ್ರಾಮಗಳನ್ನು ನಮಗೆ ಕೊಡಬೇಕೆಂದಿತು. ಕಾಸರಗೋಡಿನ ವಿಷಯದಲ್ಲಿಯೂ ನಮ್ಮ ಪರವಾಗಿಯೇ ಹೇಳಿತು. ಆದರೆ ಅದೇ ವರದಿಯು ನಿಪ್ಪಾಣಿ, ಖಾನಾಪುರ, ನಂದಗಡಗಳು ಒಳಗೊಂಡಂತೆ 264 ಗ್ರಾಮಗಳನ್ನು ಮಹಾರಾಷ್ಟ್ರಕ್ಕೆ ಬಿಡಬೇಕೆಂದೂ ಹೇಳಿತೆಂಬುದನ್ನು ನಿಪ್ಪಾಣಿ ತಾಲೂಕಿನಲ್ಲಿರುವ ನಾವು ಮರೆಯಲಾರೆವು. ಆ ಎರಡನೆಯ ಅರ್ಧವನ್ನು ಕನ್ನಡದ ಪತ್ರಿಕೆಗಳು ಬಿಡುತ್ತವೆ. ಮೊದಲನೆಯ ಅರ್ಧವನ್ನು ಮರಾಠಿಯ ಪತ್ರಿಕೆಗಳು ಬಿಡುತ್ತವೆ. ಇಡೀ ವರದಿಯನ್ನು ಓದಬೇಕಾದರೆ ಎರಡೂ ಭಾಷೆಗಳನ್ನು ಕಲಿಯಬೇಕೆಂಬ ಅವಸ್ಥೆ ಯಾವ ನಾಗರಿಕನಿಗೂ ಬರತಕ್ಕುದಲ್ಲ.

ಅರ್ಧವನ್ನು ಬಿಟ್ಟು ಬರೆಯುವ ಮಾತು ಬಂದಾಗ 2005ರ ಪ್ರಸಂಗವನ್ನು ಎತ್ತಲೇಬೇಕಾಗಿದೆ. ಬೆಳಗಾವಿಯು ಮಹಾರಾಷ್ಟ್ರಕ್ಕೆ ಸೇರಬೇಕೆಂದು ಪಾಲಿಕೆಯು ನಿರ್ಣಯ ಮಾಡಿತು. ಬೆಂಗಳೂರಿಗೆ ಬಂದ ಮಹಾಪೌರ ವಿಜಯ ಮೋರೆಯವರ ಮುಖಕ್ಕೆ ಮಸಿ ಬಳಿಯಲಾಯಿತು. ಸರಕಾರವು ಪಾಲಿಕೆಯನ್ನೇ ವಿಸರ್ಜಿಸಿತು. ಆ ನಿರ್ಣಯವು ಪಾಲಿಕೆಯ ಅಧಿಕಾರವ್ಯಾಪ್ತಿಯನ್ನು ಮೀರಿದುದೆಂದೂ ನಗರವಾಸಿಗಳಾದ ಕನ್ನಡಿಗರಿಗೆ ಮಾಡಿದ ಅಪಚಾರವೆಂದೂ ನಾನು ಅಂದೂ ಭಾವಿಸಿದ್ದೆ, ಇಂದೂ ಭಾವಿಸುತ್ತೇನೆ. ಆದರೆ ಜನರ ಪ್ರತಿನಿಧಿಯೊಬ್ಬರ ಮುಖಕ್ಕೆ ಮಸಿ ಬಳಿದ ಕೃತ್ಯವನ್ನು, ಅದಕ್ಕೆ ಸಲ್ಲತಕ್ಕ ಸ್ಪಷ್ಟವಾದ ದನಿಯಲ್ಲಿ ಖಂಡಿಸಿದ ಕನ್ನಡದ ಲೇಖನಿಗಳು ಬಹಳವಿರಲಿಲ್ಲ. ಹಾಗೆಯೇ ಆ ನಿರ್ಣಯದ ಅನೌಚಿತ್ಯವನ್ನು ಎತ್ತಿ ತೋರಿಸಿದ ಮರಾಠಿಯ ಲೇಖನಿಗಳೂ ಬಹಳವಿರಲಿಲ್ಲ. ಅಂದು ಎರಡೂ ಕಡೆಯ ಸಂಪಾದಕರು ತಮ್ಮ ತಮ್ಮ ವಾಚಕರಿಗೆ ಅಪ್ರಿಯವಾದ ಒಂದು ಕಂಡಿಕೆಯನ್ನು ಬರೆದಿದ್ದರೆ ಮುಂದಿನ ವರ್ಷಗಳ ಎಷ್ಟೋ ಕಹಿಯು ತಗ್ಗುತ್ತಿತ್ತೆಂದು ನನ್ನ ನಂಬಿಕೆ.

ಇಷ್ಟೆಲ್ಲ ಭಾಷಾಭಿಮಾನದ ಮಾತಾಯಿತು. ಅಭಿಮಾನದ ಹಿಂದೆ ಅರ್ಥಶಾಸ್ತ್ರವೂ ಒಂದುಂಟು. ಅದನ್ನು ಬಲ್ಲವರು ಬಾಯಿಬಿಡುವುದಿಲ್ಲ. ತಾಲೂಕಿನ ಮತ್ತು ಪಟ್ಟಣಗಳ ಬಾತ್ಮೀದಾರರಲ್ಲಿ ಬಹು ಮಂದಿಗೆ ಸಂಬಳವೆಂಬುದು ಹೆಸರಿಗೆ ಮಾತ್ರ. ಅವರ ಜೀವನವು ನಡೆಯುವುದು ತಾವು ತಂದುಕೊಟ್ಟ ಜಾಹೀರಾತಿನ ಮೇಲಿನ ಕಮಿಷನ್ನಿನಿಂದ. ಜಾಹೀರಾತು ಕೊಡುವವರು ಯಾರು? ಸ್ಥಳೀಯ ಧುರೀಣರು, ಅವರ ಸಹಕಾರಿ ಸಂಘಗಳು, ಸಕ್ಕರೆ ಕಾರಖಾನೆಗಳು, ಟೆಂಡರು ಕರೆಯುವ ಸ್ಥಳೀಯ ಸಂಸ್ಥೆಗಳು. ಧುರೀಣರ ಹುಟ್ಟುಹಬ್ಬಕ್ಕೆ ಬಣ್ಣದ ಪುರವಣಿ, ದೀಪಾವಳಿಗೆ ಅರ್ಧಪುಟದ ಶುಭಾಶಯ, ಪದಗ್ರಹಣಕ್ಕೆ ಅಭಿನಂದನೆಯ ಪುಟ. ಬೆಳಿಗ್ಗೆ ಅವರಲ್ಲಿಗೆ ಜಾಹೀರಾತಿಗಾಗಿ ಹೋದವನೇ ಸಾಯಂಕಾಲ ಅವರ ಆಡಳಿತದ ದೋಷವನ್ನು ಬರೆಯಬೇಕೆಂದರೆ, ಆ ಬಡ ಬಾತ್ಮೀದಾರನಿಂದ ನಾವು ಅಸಾಧ್ಯವಾದ ಧೈರ್ಯವನ್ನು ಬೇಡಿದಂತಾಗುವುದು. ನಾನು ಅವನನ್ನು ನಿಂದಿಸಲಾರೆ. ಬಿಸಿಲಲ್ಲಿ ತನ್ನ ಪೆಟ್ರೋಲಿನ ಖರ್ಚಿನಲ್ಲಿ ಊರೂರು ಅಲೆದು, ಪಂಚಾಯತಿಯ ಸಭೆಗೆ ಹೋಗಿ ಕುಳಿತು, ರಾತ್ರಿ ಬಾತ್ಮಿಯನ್ನು ಕಳಿಸುವ ಅವನಿಲ್ಲದಿದ್ದರೆ ಬೋರಗಾಂವದಂತಹ ಊರು ಪತ್ರಿಕೆಯಲ್ಲಿ ಇರುವುದೇ ಇಲ್ಲ. ಅವನನ್ನು ಈ ದೈನ್ಯಕ್ಕೆ ನೂಕಿದ ವ್ಯವಸ್ಥೆಯು ಮಾತ್ರ ನಿಂದಾರ್ಹ. ಚುನಾವಣೆಯ ಕಾಲದಲ್ಲಿ ಇದೇ ವ್ಯವಸ್ಥೆಯು ಇನ್ನೊಂದು ಹೆಜ್ಜೆ ಮುಂದುವರಿದು, ಹಣ ಕೊಟ್ಟವರ ಸ್ತುತಿಯನ್ನೇ ಬಾತ್ಮಿಯಾಗಿ ಅಚ್ಚು ಮಾಡುವ ಕಾಸಿನ ಸುದ್ದಿಯಾಗಿ ಬೆಳೆದುದನ್ನು ಭಾರತೀಯ ಪತ್ರಿಕಾ ಮಂಡಳಿಯೇ 2010ರಲ್ಲಿ ತನ್ನ ವರದಿಯಲ್ಲಿ ಒಪ್ಪಿಕೊಂಡಿತು. 2009ರ ಮಹಾರಾಷ್ಟ್ರ ವಿಧಾನಸಭೆಯ ಚುನಾವಣೆಯಲ್ಲಿ ಒಂದೇ ಸ್ತುತಿಲೇಖವು ಅಕ್ಷರ ವ್ಯತ್ಯಾಸವಿಲ್ಲದೆ ಬೇರೆ ಬೇರೆ ಪತ್ರಿಕೆಗಳಲ್ಲಿ ಪ್ರಕಟವಾದುದನ್ನು ಪಿ. ಸಾಯಿನಾಥರು ಬಯಲಿಗೆ ತಂದ ಮೇಲೆ ಈ ಮಾತನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ನಗರದ ಮಹಾಪೌರರ ಚುನಾವಣೆಯಲ್ಲಿ ಪತ್ರಿಕೆಯು ದಾರಿ ತಪ್ಪುವುದು ನಮ್ಮ ಗಡಿಭಾಗದ ವಿಶೇಷವೇನೂ ಅಲ್ಲ. ಲಂಡನ್ ನಗರದಲ್ಲಿ 2008ರ ಮೇ ತಿಂಗಳಿನಲ್ಲಿ ಮಹಾಪೌರರ ಚುನಾವಣೆ ನಡೆದಾಗ, ಅಲ್ಲಿಯ ಸಾಯಂಕಾಲದ ಪ್ರಮುಖ ಪತ್ರಿಕೆಯಾದ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಅಧಿಕಾರದಲ್ಲಿದ್ದ ಕೆನ್ ಲಿವಿಂಗ್‌ಸ್ಟನ್ನರ ವಿರುದ್ಧ ತಿಂಗಳುಗಟ್ಟಲೆ ಆರೋಪಗಳ ಮಾಲೆಯನ್ನು ಪ್ರಕಟಿಸಿತು. ಅದರ ತಲೆಬರಹಗಳು ಬೀದಿ ಬೀದಿಯ ಫಲಕಗಳ ಮೇಲೆ ರಾರಾಜಿಸಿದವು. ಪತ್ರಿಕೆಯನ್ನು ಕೊಳ್ಳದವರೂ ಅವನ್ನು ಓದಿದರು. ಬೋರಿಸ್ ಜಾನ್ಸನ್ ಗೆದ್ದರು. ಆರೋಪಗಳಲ್ಲಿ ಕೆಲವಕ್ಕೆ ಆಧಾರವಿದ್ದಿರಬಹುದು. ಅಧಿಕಾರಸ್ಥರನ್ನು ಶೋಧಿಸುವುದು ಪತ್ರಿಕೆಯ ಧರ್ಮವೇ. ಆದರೆ ಎದುರಾಳಿಯನ್ನು ಅದೇ ಕಣ್ಣಿನಿಂದ ಶೋಧಿಸಲಿಲ್ಲವೆಂಬ ಅಸಮಾಧಾನವು ನಗರದಲ್ಲಿ ಬೆಳೆಯಿತು. ಮರುವರ್ಷ ಪತ್ರಿಕೆಯು ಬೇರೆಯವರ ಒಡೆತನಕ್ಕೆ ಬಂದಿತು. 2009ರ ಮೇ ತಿಂಗಳಿನಲ್ಲಿ ಅದು ಬಸ್ಸುಗಳ ಮೇಲೆಯೂ ಭೂಗತ ರೈಲಿನ ನಿಲ್ದಾಣಗಳಲ್ಲಿಯೂ ಲಂಡನ್ನಿನ ಜನರ ಕ್ಷಮೆ ಕೇಳುವ ಜಾಹೀರಾತುಗಳನ್ನು ಅಂಟಿಸಿತು: ನಿಮ್ಮಿಂದ ದೂರವಾದುದಕ್ಕೆ, ಬರಿಯ ಕೆಡುಕನ್ನೇ ಬರೆದುದಕ್ಕೆ ಕ್ಷಮಿಸಿರೆಂದು. ವ್ಯಾಪಾರದ ದೃಷ್ಟಿಯೂ ಅದರಲ್ಲಿತ್ತೆಂಬುದು ನಿಜ. ಆದರೂ ಒಂದು ಪತ್ರಿಕೆಯು ತನ್ನ ವಾಚಕರ ಎದುರಿನಲ್ಲಿ ಹಾಗೆ ತಲೆಬಾಗಿದುದನ್ನು ನಮ್ಮ ಸೀಮೆಯ ಎರಡು ಭಾಷೆಗಳಲ್ಲಿ ಯಾವುದರಲ್ಲಿಯೂ ನಾನು ಕಂಡಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಕಾನೂನಿನಿಂದ ಇದನ್ನು ತಿದ್ದಹೊರಟರೆ ಸರಕಾರದ ಕೈಗೆ ಲೇಖನಿಯನ್ನು ಒಪ್ಪಿಸಿದಂತಾಗುವುದು. ಅದು ಇರುವ ರೋಗಕ್ಕಿಂತ ಘೋರವಾದ ಚಿಕಿತ್ಸೆ. ಸಂಪಾದಕರೇ ಮನಸ್ಸು ಮಾಡಿದರೆ ಸಾಕು, ಕೆಲವು ಸಂಗತಿಗಳು ನಾಳೆಯಿಂದಲೇ ಸಾಧ್ಯ. ಪತ್ರಿಕೆಯ ಒಡೆಯರಿಗಾಗಲಿ ಸಂಪಾದಕರಿಗಾಗಲಿ ಯಾವುದಾದರೂ ಪಕ್ಷದೊಡನೆ, ಸಮಿತಿಯೊಡನೆ, ಸಂಘಟನೆಯೊಡನೆ ಸಂಬಂಧವಿದ್ದರೆ, ಚುನಾವಣೆಯ ಕಾಲದಲ್ಲಿ ಅದನ್ನು ಪತ್ರಿಕೆಯಲ್ಲಿಯೇ ಎರಡು ಸಾಲಿನಲ್ಲಿ ಪ್ರಕಟಿಸಲಿ. ಬಚ್ಚಿಡದ ಪಕ್ಷವು ಅರ್ಧದಷ್ಟು ನಿರಪಾಯವಾದುದು. ಹಣ ಪಡೆದು ಹಾಕಿದ ಪುಟದ ನೆತ್ತಿಯ ಮೇಲೆ ಜಾಹೀರಾತು ಎಂಬ ಮಾತು ಕಾಣುವಷ್ಟು ದಪ್ಪಕ್ಷರದಲ್ಲಿ ಇರಲಿ. ಅಭ್ಯರ್ಥಿಗಳ ಹಾಜರಿಯನ್ನೂ ಅವರ ವಾರ್ಡುಗಳ ನೀರಿನ ಸ್ಥಿತಿಯನ್ನೂ ಆಯ್ಕೆಯ ಮುಂಚಿನ ದಿನ ಒಂದು ಕೋಷ್ಟಕವಾಗಿ ಅಚ್ಚು ಮಾಡಲಿ. ಈ ವಿವರಗಳು ಪಾಲಿಕೆಯ ನಡವಳಿಕೆಯ ಪುಸ್ತಕದಲ್ಲಿ ಇದ್ದೇ ಇರುತ್ತವೆ, ಮಾಹಿತಿ ಹಕ್ಕಿನ ಅರ್ಜಿಯ ಹತ್ತು ರೂಪಾಯಿಗೆ ದೊರಕುತ್ತವೆ. ಮರಾಠಿಯ ಪತ್ರಿಕೆಯು ಕನ್ನಡಿಗ ಸದಸ್ಯನೊಬ್ಬನು ಮಾಡಿದ ಒಳ್ಳೆಯ ಕೆಲಸವನ್ನೂ, ಕನ್ನಡದ ಪತ್ರಿಕೆಯು ಮರಾಠಿ ಸದಸ್ಯೆಯೊಬ್ಬಳು ತನ್ನ ವಾರ್ಡಿನ ಚರಂಡಿಗಾಗಿ ಪಟ್ಟ ಪಾಡನ್ನೂ, ಮಾತೃಭಾಷೆಯ ವಿಶೇಷಣವನ್ನು ಜೋಡಿಸದೆ ಬರೆಯಲು ಕಲಿಯಲಿ.

ವಾಚಕರಾದ ನಮ್ಮ ಪಾಲಿನ ಕೆಲಸವೂ ಇದೆ. ಪತ್ರಿಕೆಯು ನಮ್ಮ ರುಚಿಯನ್ನು ನೋಡಿಕೊಂಡೇ ಬಡಿಸುವುದು. ಅಪೂರ್ಣವಾದ ಬಾತ್ಮಿಯನ್ನು ಓದಿದ ದಿನ ಸಂಪಾದಕರಿಗೆ ಒಂದು ಪತ್ರವನ್ನು ಬರೆಯುವ ಸಂಪ್ರದಾಯವು ನಮ್ಮ ಹಿರಿಯರಲ್ಲಿತ್ತು. ವಾಚಕರ ಪತ್ರಗಳ ಅಂಕಣಕ್ಕೆ ಅವರು ಕೊಡುತ್ತಿದ್ದ ಗೌರವವನ್ನು ನಾವು ಉಳಿಸಿಕೊಳ್ಳಲಿಲ್ಲ. ನಿಪ್ಪಾಣಿ, ಸದಲಗಾ, ಬೋರಗಾಂವ, ಚಿಕ್ಕೋಡಿಗಳ ದ್ವಿಭಾಷಾ ವಾಚಕರು, ಎರಡು ಪತ್ರಿಕೆಗಳಲ್ಲಿ ಒಂದೇ ಘಟನೆಯು ಬಂದ ಬಗೆಯನ್ನು ಹೋಲಿಸಿ, ಇಂಥಲ್ಲಿ ಇದನ್ನು ಬಿಟ್ಟಿದ್ದೀರಿ, ಇಂಥಲ್ಲಿ ಇದನ್ನು ಸೇರಿಸಿದ್ದೀರಿ ಎಂದು ಎರಡೂ ಕಡೆಗೆ ಬರೆಯತೊಡಗಿದರೆ, ಅದಕ್ಕೆ ಉತ್ತರ ಕೊಡದೆ ಇರುವುದು ಯಾವ ಸಂಪಾದಕರಿಗೂ ಬಹುಕಾಲ ಸಾಧ್ಯವಾಗಲಾರದು. ಬೆಳಗಾವಿಯ ಮಹಾಪೌರರ ಅವಧಿಯು ಒಂದೇ ವರ್ಷದ್ದಾದುದರಿಂದ ಅಂತಹ ಪತ್ರವನ್ನು ಬರೆಯುವ ಸಂದರ್ಭವು ಬೇಗನೆ ಬರುವುದು. ಆ ದಿನದ ಎರಡೂ ಭಾಷೆಯ ಪತ್ರಿಕೆಗಳನ್ನು ನಾನು ತರಿಸಿಕೊಂಡು ಓದುವೆನು. ರಾಕಸಕೊಪ್ಪದ ನೀರಿನ ಬಗ್ಗೆ, ತುರಮುರಿಯ ಕಸದ ಬಗ್ಗೆ ಅವುಗಳಲ್ಲಿ ಒಂದು ಸಾಲಾದರೂ ಇದೆಯೇ ಎಂದು ನೋಡಿ, ಇರದಿದ್ದರೆ ಹುಬ್ಬಳ್ಳಿಗೂ ಬೆಳಗಾವಿಗೂ ಕೊಲ್ಹಾಪುರಕ್ಕೂ ನನ್ನ ಹೆಸರು ಹಾಕಿ ಬರೆಯುವೆನು.